ಗ್ಯಾಸ್ ಹೋಗಿಲ್ಲ: ಮಂಗಳೂರಿನ ಸೆಕೆಯಲ್ಲಿ ಸೋತ ಅಕ್ವೇರಿಯಂ ಚಿಲ್ಲರ್ ರಿಪೇರಿ

ದೂರು ಇಷ್ಟು: ತೊಟ್ಟಿಯ ನೀರು ತಂಪು ಮಾಡುವ ಚಿಲ್ಲರ್ ಯಂತ್ರ ಹಗಲೂ ರಾತ್ರಿ ನಿಲ್ಲದೆ ಓಡುತ್ತದೆ, ನೀರು 28.6 ಡಿಗ್ರಿಯಿಂದ ಕೆಳಗೆ ಇಳಿಯುವುದಿಲ್ಲ. ಬೇಕಾದದ್ದು 24.

ತೊಟ್ಟಿಯ ಅಳತೆ 90×45×45 ಸೆಂ.ಮೀ. ಲೆಕ್ಕಕ್ಕೆ 182 ಲೀಟರ್. ಮಣ್ಣು, ಕಲ್ಲು, ಮೇಲಿನ ಖಾಲಿ ಜಾಗ ಕಳೆದರೆ ನಿಜವಾದ ನೀರು 150 ಲೀಟರ್. ಒಳಗಿರುವುದು ಗಿಡಗಳು ಮತ್ತು ಕ್ರಿಸ್ಟಲ್ ರೆಡ್ ಸೀಗಡಿ. ಡಿಸ್ಕಸ್ ಮೀನಾಗಿದ್ದರೆ 28.6 ಸುಖದ ಬಿಸಿ, ಚಿಲ್ಲರೇ ಬೇಕಿರಲಿಲ್ಲ. ಈ ಸೀಗಡಿಗೆ ಮಾತ್ರ 20ರಿಂದ 24 ಡಿಗ್ರಿಯೊಳಗೆ ಇರಬೇಕು. ಚಿಲ್ಲರ್ 1/10 ಎಚ್‌ಪಿಯದು, ಒಳಗೆ ನೀರು ತಣಿಸುವ ಟೈಟಾನಿಯಂ ಕಾಯಿಲ್ (ಸುರುಳಿ ಪೈಪ್), ತಂಪು ಮಾಡುವ ಗ್ಯಾಸ್ ಆರ್134ಎ, ಪ್ಲೇಟ್ ಮೇಲೆ ಬರೆದ ಕರೆಂಟ್ 0.9 ಆಂಪಿಯರ್. ಅದರ ಸ್ವಂತ ಬೋರ್ಡು ಹಿಂದೆಯೇ ಸುಟ್ಟು, ಹೊರಗಡೆ ಉಷ್ಣತೆ ನೋಡಿ ಚಿಲ್ಲರನ್ನು ಆನ್-ಆಫ್ ಮಾಡುವ ಎಸ್‌ಟಿಸಿ-1000 ಕಂಟ್ರೋಲರ್ ಕೂರಿಸಲಾಗಿದೆ. ನೀರು ತಳ್ಳುವುದು 15 ವ್ಯಾಟ್‌ನ ಕ್ಯಾನಿಸ್ಟರ್ ಫಿಲ್ಟರ್ (ತೊಟ್ಟಿಯ ಹೊರಗಿಡುವ, ಪಂಪ್ ಸಮೇತದ ಫಿಲ್ಟರ್ ಡಬ್ಬಿ). ಇಷ್ಟೂ ಸಾಮಾನು ತೊಟ್ಟಿಯ ಕೆಳಗಿನ ಪ್ಲೈವುಡ್ ಕಪಾಟಿನೊಳಗೆ, ಬಾಗಿಲು ಮುಚ್ಚಿ. ಕಾಲ ಮೇ ತಿಂಗಳು, ಕೋಣೆಯಲ್ಲಿ 33 ಡಿಗ್ರಿ, ತೇವಾಂಶ ಶೇ. 70.

ಫ್ರಿಜ್ ಮೆಕ್ಯಾನಿಕ್‌ನ ತೀರ್ಪು ಆಗಲೇ ಬಂದಿತ್ತು: ಗ್ಯಾಸ್ ಹೋಗಿದೆ, ತುಂಬಿಸಬೇಕು. ಈ ಮಾತನ್ನು ಅಳತೆಯಿಲ್ಲದೆ ಒಪ್ಪಬಾರದು. ಗ್ಯಾಸಿನ ಪೈಪ್ ಕೊರೆದು ವಾಲ್ವ್ ಕೂರಿಸಿದ ಮೇಲೆ ಸೋರುವ ಜಾಗ ಒಂದು ಹೆಚ್ಚಾಗುತ್ತದೆ. ಅಲ್ಲಿಯವರೆಗೆ ಗಟ್ಟಿಯಾಗಿದ್ದ ವ್ಯವಸ್ಥೆಗೆ ಅಂದಿನಿಂದ ಕಾಯಿಲೆ ಶುರು.

ಬಕೆಟ್, ಗಡಿಯಾರ, ಥರ್ಮಾಮೀಟರ್

ಒಂದು ಲೀಟರ್ ನೀರನ್ನು ಒಂದು ಡಿಗ್ರಿ ಇಳಿಸಲು 1.163 ವ್ಯಾಟ್-ಅವರ್ ಶಾಖ ತೆಗೆಯಬೇಕು. ಈ ಒಂದು ಸಂಖ್ಯೆ ಕೈಯಲ್ಲಿದ್ದರೆ ಗ್ಯಾಸಿನ ಒತ್ತಡ ಅಳೆಯುವ ಗೇಜ್ ಹಾಕದೆಯೇ ಚಿಲ್ಲರ್ ಎಷ್ಟು ದುಡಿಯುತ್ತಿದೆ ಎಂದು ಹೇಳಬಹುದು. ಈ ತೊಟ್ಟಿಗೆ ಡಿಗ್ರಿಗೆ 174 ವ್ಯಾಟ್-ಅವರ್ ಎಂದಾಯಿತು.

ಮೊದಲ ಪರೀಕ್ಷೆ: ಚಿಲ್ಲರ್ ಮತ್ತು ಲೈಟ್ ಆಫ್, ಫಿಲ್ಟರ್ ಆನ್, ಮುಚ್ಚಳ ಹಾಕಿದಂತೆಯೇ ಇರಲಿ. ಒಂದೂವರೆ ಗಂಟೆಯಲ್ಲಿ ನೀರು 28.6ರಿಂದ 29.0ಕ್ಕೆ ಏರಿತು. 174×0.4 ಅನ್ನು 1.5ರಿಂದ ಭಾಗಿಸಿದರೆ ಸುಮಾರು 46 ವ್ಯಾಟ್. ಅದರಲ್ಲಿ 15 ಫಿಲ್ಟರಿನದು; ಉಳಿದ 31 ವ್ಯಾಟ್ ಗಾಜಿನಿಂದ ಒಳಬರುವ ಸೆಕೆ. 36 ವ್ಯಾಟ್‌ನ ಎಲ್‌ಇಡಿ ಉರಿದಾಗ ಇನ್ನೊಂದು 30 ಸೇರುತ್ತದೆ. ಅಂದರೆ ಲೈಟ್ ಉರಿಯುತ್ತಿರುವಾಗ 28.6ರಲ್ಲೇ ನೀರು ನಿಂತಿದೆ ಎಂದರೆ ಚಿಲ್ಲರ್ ತೆಗೆಯುತ್ತಿರುವ ಶಾಖ ಬರೀ 76 ವ್ಯಾಟ್.

ಎರಡನೆಯದು ಹರಿವು. ತೊಟ್ಟಿಗೆ ಮರಳುವ ಪೈಪನ್ನು ನೀರಿನ ಮಟ್ಟದ ಎತ್ತರದಲ್ಲೇ ಹಿಡಿದು 10 ಲೀಟರ್ ಬಕೆಟ್ ತುಂಬಿಸಿದರೆ 110 ಸೆಕೆಂಡು, ಗಂಟೆಗೆ 327 ಲೀಟರ್. ಪೈಪನ್ನು ನೆಲಕ್ಕೆ ಇಳಿಸಿ ಅಳೆದರೆ ಹರಿವು ಸುಳ್ಳು ಸುಳ್ಳೇ ಜಾಸ್ತಿ ತೋರಿಸುತ್ತದೆ, ಎತ್ತರ ಕಾಯ್ದುಕೊಳ್ಳಿ. ಈ ಚಿಲ್ಲರ್ ಕೇಳುವುದು ಗಂಟೆಗೆ ಕನಿಷ್ಠ 500.

ಮೂರನೆಯದು ಒಳಹೋಗುವ ಮತ್ತು ಹೊರಬರುವ ನೀರಿನ ವ್ಯತ್ಯಾಸ. ಇಲ್ಲಿ ಎರಡು ಬೇರೆ ಬೇರೆ ಥರ್ಮಾಮೀಟರ್ ನಂಬಿದರೆ ಕೆಲಸ ಕೆಟ್ಟಿತು; ಅವುಗಳ ನಡುವೆಯೇ ಅರ್ಧ ಡಿಗ್ರಿ ಜಗಳ ಇರುತ್ತದೆ. ಒಂದೇ ಥರ್ಮಾಮೀಟರನ್ನು ಎರಡೂ ಕಡೆ ಮೂರು ಮೂರು ನಿಮಿಷ ಇಟ್ಟು ನೋಡಬೇಕು, ಇಲ್ಲವೇ ಎರಡು ಡಿಎಸ್18ಬಿ20 ಸೆನ್ಸರುಗಳನ್ನು ಒಂದೇ ಲೋಟದಲ್ಲಿ ಮುಳುಗಿಸಿ ಅವುಗಳ ವ್ಯತ್ಯಾಸ ಬರೆದಿಟ್ಟುಕೊಂಡು, ಆಮೇಲೆ ಕಳೆಯಬೇಕು. ಬಂದದ್ದು 0.2 ಡಿಗ್ರಿ. 327×1.163×0.2 ಮಾಡಿದರೆ 76 ವ್ಯಾಟ್. ಅಳತೆಯಲ್ಲಿ 0.1 ತಪ್ಪಾದರೂ ಉತ್ತರ ಅರ್ಧದಷ್ಟು ಅಲ್ಲಾಡುತ್ತದೆ, ಅದಕ್ಕೇ ಇದನ್ನೊಂದನ್ನೇ ನಂಬುವಂತಿಲ್ಲ; ಮೊದಲ ಪರೀಕ್ಷೆಯ ಜೊತೆ ತಾಳೆಯಾದದ್ದರಿಂದ ಒಪ್ಪಬಹುದು.

ಹೊರಬರುವ ನೀರಿಗೆ ಕೈಯೊಡ್ಡಿ ‘ತಣ್ಣಗಿದೆ, ಚಿಲ್ಲರ್ ಸರಿಯಿದೆ’ ಎನ್ನುವವರಿಗೆ ಒಂದು ಮಾತು. ಹರಿವು ಕಡಿಮೆಯಾದಷ್ಟೂ ಹೊರಬರುವ ನೀರು ಹೆಚ್ಚು ತಣ್ಣಗಿರುತ್ತದೆ, ತೆಗೆದ ಒಟ್ಟು ಶಾಖ ಮಾತ್ರ ಕಡಿಮೆ. ತಣ್ಣನೆಯ ಸಣ್ಣ ಧಾರೆ ರೋಗದ ಲಕ್ಷಣ.

ಗ್ಯಾಸೋ ಗಾಳಿಯೋ

ಕರೆಂಟ್ ಅಳೆಯುವ ಕ್ಲ್ಯಾಂಪ್ ಮೀಟರನ್ನು ಇಡೀ ವೈರಿಗೆ ಸುತ್ತಿದರೆ ಸೊನ್ನೆ ತೋರಿಸುತ್ತದೆ, ಹೋಗುವ ಬರುವ ಕರೆಂಟುಗಳು ಒಂದನ್ನೊಂದು ಅಳಿಸುತ್ತವೆ. ಫೇಸ್ ವೈರೊಂದನ್ನೇ ಬಿಡಿಸಿ ಹಿಡಿಯಬೇಕು. ಇಲ್ಲಿ ಬಂದದ್ದು 1.15 ಆಂಪಿಯರ್, ಪ್ಲೇಟಿಗಿಂತ ಹೆಚ್ಚು. ಮಂಗಳೂರಿನ ಈ ಕೇಸಿನಲ್ಲಿ ಗ್ಯಾಸ್ ವಾದ ಬಿದ್ದುಹೋದದ್ದು ಇಲ್ಲೇ. ಗ್ಯಾಸ್ ಸೋರಿದ ಕಂಪ್ರೆಸರ್‌ಗೆ ಹಿಂಡಲು ಏನೂ ಇರುವುದಿಲ್ಲ. ಅದರ ಕರೆಂಟ್ ಪ್ಲೇಟಿಗಿಂತ ಕೆಳಗೆ ಬರುತ್ತದೆ, ಶಾಖ ಹೊರಬಿಡುವ ಕಂಡೆನ್ಸರ್ ಉಗುರುಬೆಚ್ಚಗೆ, ಹೊರಹೋಗುವ ಗಾಳಿಯೂ ಕೋಣೆಯ ಗಾಳಿಯಂತೆಯೇ. ಇಲ್ಲಿ ಎಲ್ಲವೂ ತದ್ವಿರುದ್ಧ. ಕಂಪ್ರೆಸರ್‌ನಿಂದ ಹೊರಡುವ ತಾಮ್ರದ ಪೈಪಿನ ಮೇಲೆ ಬೆರಳಿಟ್ಟರೆ ಚುರ್ರೆನ್ನುತ್ತದೆ, ಕಪಾಟಿನೊಳಗಿನ ಗಾಳಿ 44 ಡಿಗ್ರಿ.

ಆರ್134ಎ 45 ಡಿಗ್ರಿಯಲ್ಲಿ ದ್ರವವಾಗುವಾಗ ಗೇಜಿನ ಒತ್ತಡ ಸುಮಾರು 153 ಪಿಎಸ್‌ಐ. 55 ಡಿಗ್ರಿಯಲ್ಲಿ 200 ದಾಟುತ್ತದೆ. 44 ಡಿಗ್ರಿ ಗಾಳಿಯಲ್ಲಿ ಕಂಡೆನ್ಸರ್ ತನ್ನ ಶಾಖ ಬಿಡಬೇಕಾದರೆ ಅದಕ್ಕಿಂತ ಹತ್ತು ಹದಿನೈದು ಡಿಗ್ರಿ ಮೇಲೇರಲೇಬೇಕು. ಒತ್ತಡ ಏರಿದಂತೆ ಕರೆಂಟ್ ಏರುತ್ತದೆ, ತಂಪು ಇಳಿಯುತ್ತದೆ.

ಮುಂದಿನ ಜಾಲರಿ ತೆಗೆದಾಗ ಫೋಮ್ ಫಿಲ್ಟರ್ ಬೂದು ಬಣ್ಣದ ಕಂಬಳಿಯಾಗಿತ್ತು. ಅದರ ಹಿಂದೆ ಕಂಡೆನ್ಸರ್ ರೆಕ್ಕೆಗಳ ಮೇಲೆ ಧೂಳು ಮತ್ತು ಒಗ್ಗರಣೆಯ ಎಣ್ಣೆ ಸೇರಿ ಗಟ್ಟಿಯಾದ ಪದರ. ಬ್ಯಾಟರಿ ದೀಪ ಹಿಂದಿನಿಂದ ಹಿಡಿದರೆ ಬೆಳಕು ಮೂರನೇ ಒಂದು ಭಾಗದಷ್ಟೂ ತೂರಿ ಬರಲಿಲ್ಲ. ಅಡುಗೆಮನೆಗೆ ತಾಗಿದ ಹಾಲಿನಲ್ಲಿ ಇಟ್ಟ ಚಿಲ್ಲರುಗಳ ಪಾಡು ಇದೇ.

ತೊಳೆದ ಕ್ರಮ: ಪ್ಲಗ್ ಕಿತ್ತು, ಫ್ಯಾನ್ ಮೋಟಾರು ಮತ್ತು ವೈರಿನ ಡಬ್ಬಿಗೆ ಪ್ಲಾಸ್ಟಿಕ್ ಚೀಲ ಕಟ್ಟಿ, ಒಂದೂವರೆ ಇಂಚಿನ ಪೇಂಟ್ ಬ್ರಷ್‌ನಿಂದ ರೆಕ್ಕೆಗಳ ಉದ್ದಕ್ಕೆ ಮಾತ್ರ, ಅಡ್ಡಕ್ಕೆ ಎಂದೂ ಅಲ್ಲ, ಗುಡಿಸಬೇಕು. ಒಣಧೂಳು ಬ್ಲೋವರಿಗೆ ಹೋಗುತ್ತದೆ. ಎಣ್ಣೆಗೆ ಒಂದು ಲೀಟರ್ ಬೆಚ್ಚನೆ ನೀರಿಗೆ 5 ಮಿ.ಲೀ. ಪಾತ್ರೆ ತೊಳೆಯುವ ದ್ರವ. ಸ್ಪ್ರೇ ಮಾಡಿ ಹತ್ತು ನಿಮಿಷ ಬಿಟ್ಟು, ಒಳಗಿನಿಂದ ಹೊರಕ್ಕೆ, ಗಾಳಿ ಬರುವ ದಿಕ್ಕಿಗೆ ಎದುರಾಗಿ ತೊಳೆಯಬೇಕು. ಪ್ರೆಷರ್ ವಾಷರ್ ತಂದರೆ ಅಲ್ಯೂಮಿನಿಯಂ ರೆಕ್ಕೆಗಳು ಬಾಳೆಎಲೆಯಂತೆ ಮಡಚಿಕೊಳ್ಳುತ್ತವೆ. ಆಸಿಡ್ ಇರುವ ಕಾಯಿಲ್ ಕ್ಲೀನರ್ ಕರಾವಳಿಯಲ್ಲಿ ಬೇಡವೇ ಬೇಡ. ಉಪ್ಪುಗಾಳಿಗೆ ತಾಮ್ರ-ಅಲ್ಯೂಮಿನಿಯಂ ಕೂಡಿದ ಜಾಗ ಆಗಲೇ ತಿನ್ನಲ್ಪಡುತ್ತಿರುತ್ತದೆ. ಬಾಗಿದ ರೆಕ್ಕೆಗಳನ್ನು ಹಳೆಯ ಬಾಚಣಿಗೆಯಿಂದ ನೇರ ಮಾಡಿ, ಎರಡು ಗಂಟೆ ಒಣಗಲು ಬಿಟ್ಟದ್ದಾಯಿತು. ಫ್ಯಾನನ್ನು ಬೆರಳಿನಿಂದ ತಿರುಗಿಸಿ ಬಿಟ್ಟರೆ ಎರಡು ಸುತ್ತು ತಾನಾಗಿ ತಿರುಗಬೇಕು. ಇದು ಅರ್ಧ ಸುತ್ತಿಗೇ ನಿಂತಿತು. ಬುಷ್‌ಗೆ ಹೊಲಿಗೆ ಯಂತ್ರದ ಎಣ್ಣೆ ಎರಡು ಹನಿ ಸಾಕಾಯಿತು.

ಕಪಾಟಿನ ಪ್ರಶ್ನೆ ಉಳಿಯಿತು. ‘ಹಿಂದೆ ಒಂದು ಕಂಪ್ಯೂಟರ್ ಫ್ಯಾನ್ ಕೂರಿಸಿದರೆ ಆಯ್ತು’ ಎನ್ನುವ ಸಲಹೆ ಎಲ್ಲೆಡೆ ಸಿಗುತ್ತದೆ. ಲೆಕ್ಕ ಹಾಕಿ ನೋಡಿ. ಈ ಚಿಲ್ಲರ್ ಪೂರ್ಣ ದುಡಿದಾಗ ನೀರಿನಿಂದ 200 ಚಿಲ್ಲರೆ ವ್ಯಾಟ್ ತೆಗೆಯುತ್ತದೆ, ತಾನು 150 ವ್ಯಾಟ್ ತಿನ್ನುತ್ತದೆ. ಹೊರಹಾಕುವ ಒಟ್ಟು ಶಾಖ 350 ವ್ಯಾಟ್ ದಾಟುತ್ತದೆ. 120 ಮಿ.ಮೀ. ಫ್ಯಾನ್ ಅಡೆತಡೆ ಇಲ್ಲದಿದ್ದರೆ ಗಂಟೆಗೆ 80 ಘನ ಮೀಟರ್ ಗಾಳಿ ತಳ್ಳೀತು. ಒಂದು ಘನ ಮೀಟರ್ ಗಾಳಿ ಒಂದು ಡಿಗ್ರಿ ಬಿಸಿಯಾಗಿ ಹೊತ್ತೊಯ್ಯುವುದು 0.33 ವ್ಯಾಟ್-ಅವರ್ ಮಾತ್ರ. 350ನ್ನು 80×0.33ರಿಂದ ಭಾಗಿಸಿದರೆ 13 ಡಿಗ್ರಿ. ಫ್ಯಾನ್ ಇದ್ದೂ ಕಪಾಟಿನ ಗಾಳಿ ಕೋಣೆಗಿಂತ 13 ಡಿಗ್ರಿ ಬಿಸಿ! ಹಾಗಾಗಿ ಚಿಲ್ಲರನ್ನೇ ಕಪಾಟಿನಿಂದ ಹೊರಗೆ ತಂದು, ಗೋಡೆಯಿಂದ 30 ಸೆಂ.ಮೀ. ದೂರಕ್ಕಿಟ್ಟು, ಎರಡು ಪೈಪುಗಳನ್ನೂ ಒಂದೊಂದು ಮೀಟರ್ ಉದ್ದ ಮಾಡಿ, 9 ಮಿ.ಮೀ. ದಪ್ಪದ ಕಪ್ಪು ನೈಟ್ರೈಲ್ ಫೋಮ್ ತೊಡಿಸಲಾಯಿತು. ನೋಡಲು ಚೆಂದವಿಲ್ಲ, ನಿಜ.

ಫಲ: ಕರೆಂಟ್ 0.88ಕ್ಕೆ ಇಳಿಯಿತು. ನೀರು ಮರುದಿನ 26.4ಕ್ಕೆ ಬಂದು ಅಲ್ಲೇ ನಿಂತಿತು.

ನೀರಿನ ದಾರಿ

ಫಿಲ್ಟರಿನ ಹೊರಪೈಪನ್ನು ಚಿಲ್ಲರ್ ಬಿಟ್ಟು ನೇರವಾಗಿ ತೊಟ್ಟಿಗೆ ಜೋಡಿಸಿ ಮತ್ತೆ ಬಕೆಟ್ ಹಿಡಿದರೆ 50 ಸೆಕೆಂಡು, ಅಂದರೆ 720 ಲೀಟರ್. ಚಿಲ್ಲರ್ ಮೂಲಕ 327. ಪಂಪ್ ಆರೋಗ್ಯವಾಗಿದೆ, ಕಟ್ಟಿಕೊಂಡಿರುವುದು ಚಿಲ್ಲರ್ ಒಳಗೆ. ಪಂಪಿನೊಳಗೆ ತಿರುಗುವ ಇಂಪೆಲ್ಲರ್ ಬಿಚ್ಚಿ ತೊಳೆಯುತ್ತ ಕೂರುವ ಮೊದಲು ಈ ಒಂದು ಅಳತೆ ಮಾಡಿದರೆ ಸಂಜೆಯೊಂದು ಉಳಿಯುತ್ತದೆ.

ಪೈಪ್ ಜೋಡಿಸುವ ಯೂನಿಯನ್ ಬಿಚ್ಚಿ ಚಿಲ್ಲರನ್ನು ಬಾಗಿಸಿದಾಗ ಮೊದಲು ಕಂದು ಲೋಳೆ, ಆಮೇಲೆ ಗಿಡದ ಎಲೆಯ ಚೂರು, ಆಮೇಲೆ ಬಟಾಣಿ ಗಾತ್ರದ ಬಸವನಹುಳುಗಳ ಖಾಲಿ ಚಿಪ್ಪು ಮುಷ್ಟಿಯಷ್ಟು. ಲೋಳೆ ಬರೀ ದಾರಿ ಕಟ್ಟುವುದಿಲ್ಲ, ಕಾಯಿಲ್‌ಗೆ ಸ್ವೆಟರ್ ತೊಡಿಸುತ್ತದೆ. ಗ್ಯಾಸ್ ಒಳಗೆ ತಣ್ಣಗಿದ್ದರೂ ತಂಪು ನೀರಿಗೆ ದಾಟುವುದಿಲ್ಲ.

ಸ್ವಚ್ಛಗೊಳಿಸಲು ಪ್ರತ್ಯೇಕ ಸಣ್ಣ ಪಂಪ್, 10 ಲೀಟರ್ ಬಕೆಟ್ ನೀರು, ಅದಕ್ಕೆ ಲೀಟರಿಗೆ 20 ಮಿ.ಲೀ.ನಂತೆ ಸುಗಂಧವಿಲ್ಲದ ಬ್ಲೀಚ್ (ಶೇ. 4–5ರ ಸೋಡಿಯಂ ಹೈಪೋಕ್ಲೋರೈಟ್). ಚಿಲ್ಲರ್‌ಗೆ ವಿದ್ಯುತ್ ಕೊಡದೆ, ಮಾಮೂಲಿ ಹರಿವಿಗೆ ಉಲ್ಟಾ ದಿಕ್ಕಿನಲ್ಲಿ 30 ನಿಮಿಷ ಸುತ್ತಿಸಬೇಕು. ಟೈಟಾನಿಯಂಗೆ ಬ್ಲೀಚ್ ಏನೂ ಮಾಡದು. ಕಾಯಿಲ್ ಸ್ಟೀಲಿನದೋ ತಾಮ್ರದ್ದೋ ಎಂಬ ಅನುಮಾನವಿದ್ದರೆ ಬ್ಲೀಚ್ ಮುಟ್ಟಬೇಡಿ. ತಾಮ್ರದ್ದಾದರೆ ಅದನ್ನು ಸೀಗಡಿ ತೊಟ್ಟಿಗೇ ಮುಟ್ಟಿಸಬೇಡಿ. ಹಳೆ ವಾಟರ್ ಕೂಲರಿನ ತಾಮ್ರದ ಸುರುಳಿಯಲ್ಲಿ ಚಿಲ್ಲರ್ ಕಟ್ಟಿದ ತೊಟ್ಟಿಗಳಲ್ಲಿ ಮೀನು ಬದುಕುತ್ತದೆ, ಸೀಗಡಿ ಒಂದೂ ಉಳಿಯುವುದಿಲ್ಲ.

ಬ್ಲೀಚಿನ ನಂತರ ಸಾದಾ ನೀರಿನಲ್ಲಿ ಮೂರು ಬಕೆಟ್, ನಾಲ್ಕನೆಯದಕ್ಕೆ ಕ್ಲೋರಿನ್ ಅಳಿಸುವ ಸೋಡಿಯಂ ಥಯೋಸಲ್ಫೇಟ್ ಹರಳು ಒಂದು ಗ್ರಾಂ ಕರಗಿಸಿ 15 ನಿಮಿಷ. ಕೊನೆಗೆ ಕ್ಲೋರಿನ್ ಟೆಸ್ಟ್ ಹನಿ ಹಾಕಿ ಬಣ್ಣ ಬರದಿದ್ದರೆ ಮಾತ್ರ ತೊಟ್ಟಿಗೆ.

ಇಲ್ಲಿನ ನೀರು ಮೃದು, ಸುಣ್ಣದ ಪದರ ಕಾಣಲಿಲ್ಲ. ಕೋಲಾರ, ಬೆಂಗಳೂರಿನ ಹೊರವಲಯದ ಬೋರ್‌ವೆಲ್ ನೀರಾದರೆ ಬಿಳಿ ಹೆಕ್ಕಳಿಕೆ ಇದ್ದೇ ಇರುತ್ತದೆ. ಅದಕ್ಕೆ 5 ಲೀಟರ್ ನೀರಿಗೆ 200 ಗ್ರಾಂ ನಿಂಬೆಉಪ್ಪು, 40 ನಿಮಿಷ. ಆದರೆ ಬ್ಲೀಚ್ ಮಾಡಿದ ದಿನವೇ ಅಲ್ಲ. ಬ್ಲೀಚ್ ಉಳಿದಿರುವಲ್ಲಿ ಆಮ್ಲ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಬಾತ್‌ರೂಮಿನಲ್ಲಿ ಅದು ಆಟದ ಮಾತಲ್ಲ. ಮರುದಿನ, ಚೆನ್ನಾಗಿ ತೊಳೆದ ಮೇಲೆ.

ಒ-ರಿಂಗ್‌ಗಳಿಗೆ ಸಿಲಿಕೋನ್ ಗ್ರೀಸ್ ಸವರಬೇಕು. ವ್ಯಾಸಲೀನ್ ಕೈಗೆ ಸಿಗುತ್ತದೆಂದು ಹಚ್ಚಿದರೆ ಕೆಲವು ಜಾತಿಯ ರಬ್ಬರ್ ಉಬ್ಬಿ, ಮುಂದಿನ ಸಲ ಬಿಚ್ಚಿದಾಗ ಕೂರುವುದೇ ಇಲ್ಲ. ಯೂನಿಯನ್ ಕೈಬಿಗಿತಕ್ಕೆ ಸಾಕು, ಸ್ಪ್ಯಾನರ್ ಹಾಕಿದರೆ ಪ್ಲಾಸ್ಟಿಕ್ ಸೀಳುತ್ತದೆ. ಫಿಲ್ಟರ್ ನೀರೆಳೆಯುವ ಬಾಯಿಗೆ ದೊಡ್ಡ ರಂಧ್ರದ ಸ್ಪಂಜೊಂದು ತೊಡಿಸಲಾಯಿತು, ಇನ್ನು ಬಸವನಹುಳು ಒಳಹೋಗಬಾರದು.

ಬಕೆಟ್: 58 ಸೆಕೆಂಡು, ಗಂಟೆಗೆ 620 ಲೀಟರ್. ವ್ಯತ್ಯಾಸ 0.3 ಡಿಗ್ರಿ. 216 ವ್ಯಾಟ್! ಅದೇ ಗ್ಯಾಸಿನಲ್ಲಿ, ಒಂದು ಗ್ರಾಂ ಕೂಡ ತುಂಬಿಸದೆ.

ಕಂಟ್ರೋಲರ್ 24.0, ನೀರು 25.2

ಈಗ ಹೊಸ ವಿಚಿತ್ರ. ಚಿಲ್ಲರ್ ಮೊದಲ ಬಾರಿಗೆ ತಾನಾಗಿ ನಿಂತಿತು, ಆದರೆ ಗಾಜಿನ ಥರ್ಮಾಮೀಟರ್ 25.2 ಎನ್ನುತ್ತದೆ. ಇಷ್ಟು ದಿನ ಯಂತ್ರ ನಿಲ್ಲುವ ಹಂತಕ್ಕೇ ಬಾರದಿದ್ದುದರಿಂದ ಈ ದೋಷ ಅಡಗಿತ್ತು.

ಎಲ್ಲರೂ ಹೇಳುವಂತೆ ಸೆನ್ಸರನ್ನು ಪುಡಿಮಾಡಿದ ಐಸಿನಲ್ಲಿ, ಐಸ್ ಮುಳುಗುವಷ್ಟೇ ನೀರು ಹಾಕಿ, ಕಲಕುತ್ತ ಇಟ್ಟರೆ ತೋರಿಸಿದ್ದು ಮೈನಸ್ 0.4. ಹಾಗಾದರೆ ಸೆನ್ಸರಿನ ತಪ್ಪು ತಿದ್ದುವ ಎಫ್4 ಸೆಟ್ಟಿಂಗಿನಲ್ಲಿ 0.4 ಸೇರಿಸಿದರೆ ಮುಗಿಯಿತೇ? ಇಲ್ಲ. ಐಸಿನಲ್ಲಿ ತಪ್ಪು 0.4, 25 ಡಿಗ್ರಿಯಲ್ಲಿ ತಪ್ಪು 1.2, ತಪ್ಪು ಎಲ್ಲ ಕಡೆ ಒಂದೇ ಆಗಿಲ್ಲ ಎನ್ನುವುದೇ ಸುಳಿವು.

ಇದರ ಸೆನ್ಸರ್ ಬಿಸಿಯಾದಂತೆ ವಿದ್ಯುತ್ ತಡೆ ಇಳಿಸಿಕೊಳ್ಳುವ 10 ಕಿಲೋಓಮ್‌ನ ಎನ್‌ಟಿಸಿ. 25 ಡಿಗ್ರಿಯಲ್ಲಿ 10 ಕಿಲೋಓಮ್, ತಣ್ಣಗಾದಂತೆ ಏರುತ್ತ 0 ಡಿಗ್ರಿಯಲ್ಲಿ 28ರ ಹತ್ತಿರ. 25ರ ಆಸುಪಾಸಿನಲ್ಲಿ ಒಂದು ಡಿಗ್ರಿಗೆ ಸುಮಾರು 390 ಓಮ್ ಬದಲಾವಣೆ, 0ಯ ಹತ್ತಿರ ಡಿಗ್ರಿಗೆ 1,250ಕ್ಕೂ ಹೆಚ್ಚು. ವೈರಿನ ಜೋಡಣೆಯಲ್ಲಿ ಕಿಲುಬು ಹಿಡಿದು 460 ಓಮ್ ಸರಣಿಯಲ್ಲಿ ಸೇರಿಕೊಂಡರೆ 25ರಲ್ಲಿ 1.2 ಡಿಗ್ರಿ ಕಡಿಮೆ ಓದುತ್ತದೆ, ಐಸಿನಲ್ಲಿ 0.4 ಮಾತ್ರ. ಹಾಗೇ ಆಗಿತ್ತು: ಕಪಾಟಿನ ಹಿಂದೆ ವೈರ್ ಉದ್ದ ಮಾಡಲು ತಿರುಚಿ ಟೇಪ್ ಸುತ್ತಿದ ಜಾಗ ಹಸಿರಾಗಿತ್ತು. ಕತ್ತರಿಸಿ, ಬೆಸುಗೆ ಹಾಕಿ, ಅಂಟು ಇರುವ ಹೀಟ್ ಶ್ರಿಂಕ್ ತೊಡಿಸಿದ ಮೇಲೆ 25ರಲ್ಲಿ ವ್ಯತ್ಯಾಸ 0.1.

ಇದರ ಉಲ್ಟಾ ರೋಗವೂ ಇದೆ. ಸೆನ್ಸರಿನ ತುದಿಗೆ ನೀರು ಇಳಿದರೆ ತೇವ ಸಮಾಂತರ ದಾರಿಯಾಗುತ್ತದೆ, ಓಮ್ ಕಡಿಮೆಯಾಗುತ್ತದೆ, ಕಂಟ್ರೋಲರ್ ಇಲ್ಲದ ಬಿಸಿ ಕಾಣುತ್ತದೆ. ಅಂಥ ಚಿಲ್ಲರ್ ನಿಲ್ಲುವುದೇ ಇಲ್ಲ, ಬೆಳಿಗ್ಗೆ ನೋಡಿದರೆ ನೀರು 19. ಆ ಸೆನ್ಸರಿಗೆ ರಿಪೇರಿಯಿಲ್ಲ, ಬಿಸಾಡಬೇಕು. ಪರದೆಯ ಮೇಲೆ ಇಇ ಬಂದರೆ ಸೆನ್ಸರ್ ಪೂರ್ತಿ ತುಂಡಾಗಿದೆ ಅಥವಾ ಶಾರ್ಟ್ ಆಗಿದೆ. ಅರ್ಧಂಬರ್ಧ ಕೆಟ್ಟಾಗ ಅದು ಏನೂ ಎಚ್ಚರಿಸುವುದಿಲ್ಲ. ಸಮುದ್ರದ ನೀರಿನ ತೊಟ್ಟಿಯಾದರೆ ಸ್ಟೀಲ್ ತುದಿಯ ಸೆನ್ಸರ್ ಬೇಡ, ತುಕ್ಕು ಹಿಡಿಯುತ್ತದೆ, ಎಪಾಕ್ಸಿ ತುದಿಯದು ತನ್ನಿ.

ಹೊಂದಿಸಿದ ಸಂಖ್ಯೆಗಳು: ಎಫ್1 (ಬೇಕಾದ ಉಷ್ಣತೆ) 24.0, ಎಫ್2 (ಎಷ್ಟು ಏರಿದರೆ ಮತ್ತೆ ಶುರು) 0.5, ಎಫ್3 (ಕಂಪ್ರೆಸರ್ ಮತ್ತೆ ಶುರುವಾಗುವ ಮೊದಲಿನ ಕಾಯುವಿಕೆ) 5 ನಿಮಿಷ, ಎಫ್4 (ತಿದ್ದುಪಡಿ) 0.1.

ಗುಂಯ್, ಟಕ್

ಎಫ್3 ಐದು ನಿಮಿಷ ಏಕೆ ಎಂಬುದಕ್ಕೆ ಅದೇ ರಾತ್ರಿ ಉತ್ತರ ಸಿಕ್ಕಿತು. ಹಿಂದಿನ ಸೆಟ್ಟಿಂಗ್ ಒಂದು ನಿಮಿಷ ಇತ್ತು. ಕರೆಂಟ್ ಹೋಗಿ ಬಂದಾಗ ಕಂಪ್ರೆಸರ್ ಎಂಟು ಹತ್ತು ಸೆಕೆಂಡು ಗುಂಯ್ ಎಂದು, ಟಕ್ ಎಂದು ಸುಮ್ಮನಾಗುವುದು. ಎರಡು ನಿಮಿಷ ಬಿಟ್ಟು ಮತ್ತೆ ಗುಂಯ್, ಟಕ್. ಈ ಚಾಳಿ ಹಳೆಯದು. ಐದು ನಿಮಿಷ ಮಾಡಿದ ಮೇಲೂ ಮೂರರಲ್ಲಿ ಒಂದು ಸಲ ಹೀಗೇ.

ನಿಂತ ಕೂಡಲೇ ಕಂಪ್ರೆಸರ್‌ನ ಒಂದು ಬದಿ ಹೆಚ್ಚು ಒತ್ತಡ, ಇನ್ನೊಂದು ಬದಿ ಕಡಿಮೆ. ಕ್ಯಾಪಿಲರಿ ಎಂಬ ಸಪೂರ ಪೈಪಿನಲ್ಲಿ ಅದು ಸಮವಾಗಲು ಮೂರ್ನಾಲ್ಕು ನಿಮಿಷ ಬೇಕು. ಜೊತೆಗೆ ಸ್ಟಾರ್ಟ್ ಮಾಡಿಸುವ ಪಿಟಿಸಿ ಎಂಬ ಬಿಡಿಭಾಗ ತಣ್ಣಗಾಗದೆ ಸ್ಟಾರ್ಟ್ ವೈಂಡಿಂಗಿಗೆ ಕರೆಂಟ್ ಬಿಡುವುದಿಲ್ಲ. ಟಕ್ ಎನ್ನುವುದು ಬಿಸಿ ಮಿತಿಮೀರಿದರೆ ಕರೆಂಟ್ ಕಡಿಯುವ ಓವರ್‌ಲೋಡ್. ಅದು ವೈಂಡಿಂಗನ್ನು ಕಾಯುತ್ತಿದೆ, ಬೈಯಬೇಡಿ.

ಪ್ಲಗ್ ಕಿತ್ತು ಕಂಪ್ರೆಸರ್ ಬದಿಯ ಕಪ್ಪು ಡಬ್ಬಿ ತೆಗೆದರೆ ಮೂರು ಪಿನ್. ಕಾಮನ್-ರನ್ 14 ಓಮ್, ಕಾಮನ್-ಸ್ಟಾರ್ಟ್ 19, ರನ್-ಸ್ಟಾರ್ಟ್ 33. ಮೊದಲೆರಡರ ಮೊತ್ತ ಮೂರನೆಯದಕ್ಕೆ ಸಮ, ಪಿನ್ನಿನಿಂದ ಕಂಪ್ರೆಸರ್ ಮೈಗೆ ಅನಂತ. ವೈಂಡಿಂಗ್ ಸರಿ. ಪಿಟಿಸಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ ಹುಣಸೆಬೀಜದ ಸದ್ದು. ಒಳಗಿನ ಬಿಲ್ಲೆ ಒಡೆದಿದೆ. ಮೇಲೆ ಬರೆದಿದ್ದ 22 ಓಮ್‌ನ ಅದೇ ಅಳತೆಯ ಹೊಸದನ್ನು, ಓವರ್‌ಲೋಡ್ ಸಮೇತ ಹಾಕಲಾಯಿತು. ಓವರ್‌ಲೋಡನ್ನು ಕಂಪ್ರೆಸರ್ ಮಾದರಿ ನೋಡಿಯೇ ಕೊಳ್ಳಬೇಕು. ದೊಡ್ಡ ಫ್ರಿಜ್ಜಿನದು ಕೂತೀತು, ಆದರೆ ಸುಡುವವರೆಗೂ ಟ್ರಿಪ್ ಆಗದು.

ಪ್ಲಗ್ಗಿನಲ್ಲಿ ವೋಲ್ಟೇಜ್ ಸಂಜೆ 7ಕ್ಕೆ 182, ಸ್ಟಾರ್ಟ್ ಆಗುವ ಕ್ಷಣ 165. 230ರ ಕಂಪ್ರೆಸರ್‌ಗೆ ಇದು ಶಿಕ್ಷೆ. ಪಿಟಿಸಿ ಒಡೆದದ್ದಕ್ಕೂ ಪದೇ ಪದೇ ಆದ ಈ ವಿಫಲ ಸ್ಟಾರ್ಟುಗಳೇ ಕಾರಣವಿದ್ದೀತು. 150 ವ್ಯಾಟ್ ಯಂತ್ರಕ್ಕೆ 200 ವಿಎ ಸ್ಟೆಬಿಲೈಜರ್ ಸಾಕೆಂದು ತಂದರೆ ಆಗುವುದಿಲ್ಲ, ಸ್ಟಾರ್ಟಿಂಗ್ ಕರೆಂಟ್ ಐದಾರು ಪಟ್ಟು ಇರುತ್ತದೆ. 1 ಕೆವಿಎ ಹಾಕಿ. ಸ್ಕ್ವೇರ್ ವೇವ್ ಇನ್ವರ್ಟರ್ ಮೇಲೆ ಚಿಲ್ಲರ್ ಓಡಿಸಬೇಡಿ, ಮೋಟಾರು ಗುನುಗುತ್ತ ಬಿಸಿಯಾಗುತ್ತದೆ. ಕರೆಂಟ್ ಇಲ್ಲದಾಗ ಏರ್ ಪಂಪ್ ಒಂದನ್ನು ಇನ್ವರ್ಟರಿಗೆ ಕೊಟ್ಟರೆ ಸಾಕು. ನೀರು 24ರಲ್ಲಿ ಲೀಟರಿಗೆ ಸುಮಾರು 8.4 ಮಿ.ಗ್ರಾಂ ಆಮ್ಲಜನಕ ಹಿಡಿಯುತ್ತದೆ, 30ರಲ್ಲಿ 7.6. ಸೆಕೆಯಲ್ಲಿ ಬಿಸಿಯ ಜೊತೆಗೆ ಈ ಕೊರತೆಯೂ ಜೀವಕ್ಕೆ ಕಂಟಕ.

ಗ್ಯಾಸ್ ನಿಜಕ್ಕೂ ಹೋದಾಗ

ಕರೆಂಟ್ ಕಡಿಮೆ, ಕಂಡೆನ್ಸರ್ ತಣ್ಣಗೆ, ಗಾಳಿ ಮತ್ತು ನೀರಿನ ಹರಿವು ಎರಡೂ ಸರಿ, ಆದರೂ ವ್ಯತ್ಯಾಸ 0.0: ಆಗ ಗ್ಯಾಸ್ ಎನ್ನಬಹುದು. ಬೆಸುಗೆಯ ಹತ್ತಿರ ಎಣ್ಣೆಯ ಜಿಡ್ಡು ಕಂಡರೆ ಸೋರಿದ್ದು ಅಲ್ಲೇ. ನಿಂತ ಯಂತ್ರಕ್ಕೆ ಗೇಜ್ ಹಾಕಿ ‘107 ಇದೆ, ಗ್ಯಾಸ್ ತುಂಬಾ ಇದೆ’ ಎಂದರೆ ನಂಬಬೇಡಿ. 33 ಡಿಗ್ರಿ ಕೋಣೆಯಲ್ಲಿ ಒಳಗೆ ಒಂದು ಹನಿ ದ್ರವ ಉಳಿದಿದ್ದರೂ ಗೇಜ್ ಸುಮಾರು 107 ಪಿಎಸ್‌ಐ ತೋರಿಸುತ್ತದೆ. ಸೋರಿದ ಜಾಗ ಹುಡುಕಿ ಬೆಸೆದು, ಒಣ ನೈಟ್ರೋಜನ್‌ನಲ್ಲಿ ಪರೀಕ್ಷಿಸಿ, 500 ಮೈಕ್ರಾನ್‌ವರೆಗೆ ವ್ಯಾಕ್ಯೂಮ್ ಎಳೆದು (ಒಳಗಿನ ಗಾಳಿ, ತೇವ ತೆಗೆದು), ಪ್ಲೇಟಿನ ಮೇಲೆ ಬರೆದಷ್ಟು ಗ್ರಾಂ ತೂಗಿ ಹಾಕುವ ಮೆಕ್ಯಾನಿಕ್ ಬೇಕು. ಅಂದಾಜಿನ ಟಾಪ್-ಅಪ್ ದಂಡ. ಆರ್134ಎ ಯಂತ್ರಕ್ಕೆ ಆರ್600ಎ ತುಂಬಿಸುವ ಜಾಣತನವಂತೂ ಬೇಡ, ಅದು ಹೊತ್ತಿಕೊಳ್ಳುವ ಅನಿಲ, ಈ ಯಂತ್ರದ ಸ್ವಿಚ್ಚು, ರಿಲೇ ಯಾವುವೂ ಅದಕ್ಕೆ ತಯಾರಾದವಲ್ಲ. ತೊಟ್ಟಿಯ ನೀರಿನ ಮೇಲೆ ಎಣ್ಣೆಯ ಪೊರೆ, ಚಿಲ್ಲರ್ ಪೈಪಿನಿಂದ ಗುಳ್ಳೆ ಕಂಡರೆ ಕಾಯಿಲ್ ತೂತಾಗಿದೆ. ನೀರು ಕಂಪ್ರೆಸರ್ ಸೇರಿದ ಆ ಯಂತ್ರ ಗುಜರಿಗೆ.

ಯಂತ್ರ ಬಿಚ್ಚಿರುವಾಗ

ಒಂದು ಲೀಟರ್ ನೀರಿನ ಐಸ್ ಕರಗಿ 24 ಡಿಗ್ರಿಗೆ ಬರುವಷ್ಟರಲ್ಲಿ 121 ವ್ಯಾಟ್-ಅವರ್ ನುಂಗುತ್ತದೆ. ಈ ತೊಟ್ಟಿಗೆ ಅದು 0.7 ಡಿಗ್ರಿ. ಹೆಪ್ಪುಗಟ್ಟಿಸಿದ ಬಾಟಲಿ ಒಮ್ಮೆಗೆ ಒಂದೇ, ಮುಚ್ಚಳ ಬಿಗಿದು. ಗಂಟೆಗೆ ಒಂದು ಡಿಗ್ರಿಗಿಂತ ಜೋರಾಗಿ ಇಳಿಸಬಾರದು.

ನೀರಿನ ಮೇಲೆ ಫ್ಯಾನ್ ಬೀಸುವ ಉಪಾಯ ಊರಿನ ಮೇಲೆ ನಿಂತಿದೆ. 34 ಡಿಗ್ರಿ, ಶೇ. 30 ತೇವಾಂಶದ ಬೆಂಗಳೂರಿನ ಮಧ್ಯಾಹ್ನ ವೆಟ್ ಬಲ್ಬ್, ಅಂದರೆ ಆವಿಯಾಗಿಸಿ ನೀರನ್ನು ಇಳಿಸಬಹುದಾದ ಕೊನೆಯ ಉಷ್ಣತೆ, 21ರ ಆಸುಪಾಸು. ಫ್ಯಾನ್ ನೀರನ್ನು ನಾಲ್ಕೈದು ಡಿಗ್ರಿ ಇಳಿಸೀತು. ಕಲಬುರಗಿಯ 40 ಡಿಗ್ರಿಯಲ್ಲೂ ಗಾಳಿ ಒಣಗಿ ಶೇ. 20 ಇದ್ದರೆ ವೆಟ್ ಬಲ್ಬ್ 23 ಮೀರದು. ಮಂಗಳೂರಿನ 33 ಡಿಗ್ರಿ, ಶೇ. 70ಕ್ಕೆ ಅದೇ 28.4. ಇಲ್ಲಿ ಫ್ಯಾನಿನಿಂದ 24 ಎನ್ನುವುದು ಆಗದ ಮಾತು.

ಮುಗಿದ ಮೇಲಿನ ಅಳತೆ

28.6ರಿಂದ 24ಕ್ಕೆ ಇಳಿಯಲು ಏಳೂವರೆ ಗಂಟೆ. ಲೈಟ್ ಉರಿಯುವಾಗ 74 ನಿಮಿಷ ಓಟ, 36 ನಿಮಿಷ ವಿರಾಮ. ರಾತ್ರಿ 52 ಮತ್ತು 46.

24ಕ್ಕೆ ಬಂದ ಮೇಲೆ ತೊಟ್ಟಿಯ ಗಾಜು ಬೆವರತೊಡಗಿತು. ಈ ಕೋಣೆಯ ಇಬ್ಬನಿ ಬಿಂದು 26.8, ಅದಕ್ಕಿಂತ ತಣ್ಣಗಿರುವ ಗಾಜಿನ ಮೇಲೆ ಹನಿ ಕಟ್ಟಲೇಬೇಕು. ಹಾಗೆ ಕಟ್ಟುವ ಪ್ರತಿ ಹನಿಯೂ ತನ್ನ ಶಾಖವನ್ನು ಗಾಜಿಗೆ ಬಿಡುತ್ತದೆ, ಇದು ಚಿಲ್ಲರ್ ಮೇಲೆ ಇನ್ನೊಂದು ಮೂವತ್ತು ಚಿಲ್ಲರೆ ವ್ಯಾಟ್ ಹೊರೆ. ಹಿಂಬದಿ ಮತ್ತು ಎರಡು ಪಕ್ಕಗಳಿಗೆ 10 ಮಿ.ಮೀ. ಫೋಮ್ ಹಾಳೆ ಅಂಟಿಸಿದ್ದರಿಂದ ಅಲ್ಲಿ ಬೆವರು ನಿಂತಿತು. ಮುಂಬದಿಯದು ಪ್ಲೈವುಡ್ಡಿಗೆ ಇಳಿಯದಂತೆ ಕೆಳಗೆ ಅಲ್ಯೂಮಿನಿಯಂ ಚಾನೆಲ್. ವೈರುಗಳೆಲ್ಲ ಸಾಕೆಟ್ಟಿಗೆ ಏರುವ ಮೊದಲು ಒಂದು ಕೊಕ್ಕೆಯಂತೆ ಕೆಳಗೆ ಜೋತಿರಬೇಕು, ಹನಿ ಅಲ್ಲಿಂದ ನೆಲಕ್ಕೆ ಬೀಳಲಿ. ಲೈನಿಗೆ, ಕರೆಂಟ್ ಸೋರಿದ ಕೂಡಲೇ ಕಡಿಯುವ 30 ಮಿಲಿಆಂಪಿಯರ್ ಆರ್‌ಸಿಸಿಬಿ ಕಡ್ಡಾಯ.

ಮೂರು ವಾರದ ಮೇಲೆ ಫೋಮ್ ಫಿಲ್ಟರ್ ತೆಗೆದು ಕೊಡವಿದಾಗ ತೆಳು ಧೂಳು, ಕರೆಂಟ್ 0.89. ಬಕೆಟ್ 61 ಸೆಕೆಂಡು. ಹೀರುವ ಬಾಯಿಯ ಸ್ಪಂಜಿನ ಮೇಲೆ ಎರಡು ಬಸವನಹುಳು ಕೂತಿದ್ದವು; ತೊಳೆದು ಹಾಕಿದ ಮೇಲೆ ಮತ್ತೆ 58.